ಅಸ್ಥಾನದ ನಗೆ

ಕಳೆದ ಮಳೆಗಾಲದಲ್ಲಿ ಒಂದು ಸಂಜೆ ನಾನು ಜಗಲಿಯಲ್ಲಿ ಕುಳಿತು ಒಂದು ದಪ್ಪ ಪುಸ್ತಕವನ್ನು ಓದುತ್ತಿದ್ದವನು ತಡೆಯಲಾರದೆ ಗಟ್ಟಿಯಾಗಿ ನಕ್ಕೆನು. ಒಳಗೆ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದ ನನ್ನ ಗೃಹಿಣಿ ಬಾಗಿಲಿಗೆ ಬಂದು, “ಏನಂದ್ರೆ, ಒಬ್ಬರೇ ಕೂತು ಹೀಗೆ ನಗ್ತಿದೀರಲ್ಲ, ಏನು ಪುಸ್ತಕ ಅದು?” ಎಂದು ಕೇಳಿದಳು. ಯುದ್ಧದ ಕಥೆಯೆಂದು ಹೇಳಿದೆನು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಯುದ್ಧದ ಕಥೇಲಿ ನಗೋದಕ್ಕೇನಿದೆ?” ಎಂದು ಹೇಳಿ ಒಳಕ್ಕೆ ಹೊರಟುಹೋದಳು. ಹೋಗುವಾಗ ಆಕೆಯ ದೃಷ್ಟಿಯು ನಡುಮನೆಯ ಗೋಡೆಯ ಮೇಲಿನ ಒಂದು ಪಟದ ಕಡೆಗೆ ಹರಿದುದನ್ನು ಕಂಡೆನು. ಆ ಪಟದಲ್ಲಿರುವವನು ಆಕೆಯ ಅಣ್ಣ. ೧೯೭೧ನೆಯ ಇಸವಿಯ ಡಿಸೆಂಬರ್ ತಿಂಗಳ ಯುದ್ಧದಲ್ಲಿ, ತನ್ನ ಇಪ್ಪತ್ತಮೂರನೆಯ ವಯಸ್ಸಿನಲ್ಲಿ, ಮಡಿದವನು. ಆಗ ಈಕೆ ಒಂಬತ್ತು ವರ್ಷದ ಹುಡುಗಿ.

ಪ್ರಶ್ನೆಯು ನಾಲ್ಕು ಮಾತಿನದಾದರೂ ಸಣ್ಣದಲ್ಲ. ಸಂಸ್ಕೃತ ಪಾಠಶಾಲೆಯಲ್ಲಿ ಬೆಳೆದವನಾದ ನನಗೆ ಕೂಡಲೆ ಭರತಮುನಿಯ ನೆನಪಾಯಿತು. ನಾಟ್ಯಶಾಸ್ತ್ರದಲ್ಲಿ ಆತನು ನಗೆಯನ್ನು ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ ಎಂದು ಆರು ಬಗೆಯಾಗಿ ವಿಂಗಡಿಸಿ, ಮೊದಲಿನ ಎರಡನ್ನು ಉತ್ತಮರಿಗೂ, ನಡುವಣ ಎರಡನ್ನು ಮಧ್ಯಮರಿಗೂ, ಕಡೆಯ ಎರಡನ್ನು ಅಧಮರಿಗೂ ಹಂಚಿಕೊಟ್ಟಿದ್ದಾನೆ. ಇವುಗಳಲ್ಲಿ ಅಪಹಸಿತವೆಂದರೆ ನಗಬಾರದ ಸ್ಥಾನದಲ್ಲಿ, ಕಣ್ಣಿನಲ್ಲಿ ನೀರು ತುಂಬಿ, ಹೆಗಲೂ ತಲೆಯೂ ಅಲುಗುವಂತೆ ನಗುವುದು. ಆ ಸಂಜೆ ನಾನು ನಕ್ಕುದು ಅಕ್ಷರಶಃ ಹಾಗೆಯೇ. ಹಾಗಾದರೆ ಅರುವತ್ತು ದಾಟಿದ ಮೇಲೆ, ನಲವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ಮೇಲೆ, ನಾನು ಅಧಮರ ಸಾಲಿಗೆ ಸೇರಿದೆನೆ? ಲಕ್ಷಾಂತರ ಜನ ಸತ್ತ ಒಂದು ಮಹಾಯುದ್ಧವನ್ನು ಕುರಿತು ನಗುವುದು ಧರ್ಮವೇ, ಅಧರ್ಮವೇ? ಈ ಪ್ರಶ್ನೆಯನ್ನು ಕೆಲವು ತಿಂಗಳು ಮನಸ್ಸಿನಲ್ಲಿಟ್ಟುಕೊಂಡು ಯೋಚಿಸಿದುದನ್ನು ವಾಚಕರ ಮುಂದಿಡುತ್ತೇನೆ.

ಮೊದಲು ಪುಸ್ತಕದ ಪರಿಚಯವಾಗಬೇಕು. ಅದರ ಹೆಸರು ‘ಒಳ್ಳೆಯ ಸಿಪಾಯಿ ಶ್ವೇಯ್ಕ್’. ಬರೆದವನು ಚೆಕ್ ದೇಶದ ಯಾರೊಸ್ಲಾವ್ ಹಾಷೆಕ್. ೧೮೮೩ರಲ್ಲಿ ಪ್ರಾಗ್ ನಗರದಲ್ಲಿ ಹುಟ್ಟಿದ ಈತನ ತಂದೆ ಗಣಿತದ ಉಪಾಧ್ಯಾಯ; ಮಗನು ಇನ್ನೂ ಬಾಲಕನಾಗಿರುವಾಗಲೇ ತೀರಿಕೊಂಡನು. ಹಾಷೆಕನನ್ನು ಸದಾಚಾರಿಯೆಂದು ಹೇಳಲು ಬಾರದು. ಪಾನಗೃಹಗಳೇ ಆತನ ಗ್ರಂಥಾಲಯ. ಪ್ರಾಣಿಗಳನ್ನು ಕುರಿತ ಒಂದು ಪತ್ರಿಕೆಗೆ ಸಂಪಾದಕನಾಗಿದ್ದಾಗ ಲೋಕದಲ್ಲಿಲ್ಲದ ಪ್ರಾಣಿಗಳನ್ನು ತಾನೇ ಸೃಷ್ಟಿಸಿ, ಅವು ನಿಜವಾಗಿ ಇವೆಯೆಂಬಂತೆ ಲೇಖನ ಬರೆದು ಕೆಲಸ ಕಳೆದುಕೊಂಡನು. ೧೯೧೧ರಲ್ಲಿ ‘ಕಾನೂನಿನ ಮೇರೆಯೊಳಗೆ ಮಿತವಾದ ಪ್ರಗತಿಯ ಪಕ್ಷ’ ಎಂಬ ಹೆಸರಿನ ಒಂದು ಅಣಕದ ರಾಜಕೀಯ ಪಕ್ಷವನ್ನು ಕಟ್ಟಿ ಚುನಾವಣೆಯ ಭಾಷಣ ಮಾಡಿದನು. ಆಗ ಚೆಕ್ ಜನರು ಆಸ್ಟ್ರಿಯಾ-ಹಂಗರಿಯ ಚಕ್ರವರ್ತಿಯ ಪ್ರಜೆಗಳು. ೧೯೧೫ರಲ್ಲಿ ಹಾಷೆಕನು ತೊಂಬತ್ತೊಂದನೆಯ ಕಾಲ್ದಳದ ಸಿಪಾಯಿಯಾಗಿ ಯುದ್ಧಕ್ಕೆ ಹೋದನು. ಅದೇ ವರ್ಷ ಸೆಪ್ಟೆಂಬರಿನಲ್ಲಿ ರಷ್ಯನರ ಕೈಗೆ ಸಿಕ್ಕಿ, ಅಲ್ಲಿಯೇ ಹಲವು ಪಕ್ಷಗಳನ್ನೂ ಸೈನ್ಯಗಳನ್ನೂ ಸುತ್ತಿ, ೧೯೨೦ರ ಕೊನೆಗೆ ಊರಿಗೆ ಮರಳಿದನು. ಮರುವರ್ಷದಿಂದ ಈ ಕಥೆಯನ್ನು ಕಂತುಕಂತಾಗಿ ಹೊರತರತೊಡಗಿದನು. ಆರು ಸಂಪುಟಗಳಾಗಬೇಕೆಂಬುದು ಆತನ ಸಂಕಲ್ಪ. ಮೂರು ಮುಗಿದು ನಾಲ್ಕನೆಯದು ನಡೆಯುತ್ತಿರುವಾಗ, ರೋಗಪೀಡಿತನಾಗಿ ಹಾಸಿಗೆಯಿಂದಲೇ ಹೇಳಿ ಬರೆಸುತ್ತಿದ್ದವನು, ೧೯೨೩ರ ಜನವರಿ ೩ರಂದು, ನಲವತ್ತು ತುಂಬುವ ಮೊದಲೇ, ಲಿಪ್ನಿಟ್ಸೆ ಎಂಬ ಹಳ್ಳಿಯಲ್ಲಿ ತೀರಿಕೊಂಡನು.

ನನಗೆ ಚೆಕ್ ಭಾಷೆ ಬಾರದು. ನಾನು ಓದಿದುದು, ಪ್ರಾಗ್ ನಗರದಲ್ಲಿ ಬ್ರಿಟಿಷ್ ರಾಯಭಾರಿಯಾಗಿದ್ದ ಸಿಸಿಲ್ ಪ್ಯಾರಟ್ ಎಂಬುವರು ೧೯೭೩ರಲ್ಲಿ ಪ್ರಕಟಿಸಿದ ಸಂಪೂರ್ಣ ಇಂಗ್ಲಿಷ್ ಅನುವಾದವನ್ನು. ಇದಕ್ಕೆ ಮೊದಲು ೧೯೩೦ರಲ್ಲಿ ಪಾಲ್ ಸೆಲ್ವರ್ ಎಂಬುವರು ಮಾಡಿದ್ದ ಅನುವಾದವು ಬಹಳ ಭಾಗವನ್ನು ಬಿಟ್ಟು, ಒರಟು ಮಾತುಗಳನ್ನು ನಯಗೊಳಿಸಿದ್ದು. ನಿವೃತ್ತನಾದ ಮೇಲೆ ಮಗಳು ತಂದುಕೊಟ್ಟ ಈ ಪುಸ್ತಕದಲ್ಲಿ ಏಳುನೂರಕ್ಕೂ ಹೆಚ್ಚು ಪುಟಗಳಿವೆ. ನಡುನಡುವೆ ಯೋಸೆಫ್ ಲಾಡಾ ಎಂಬ ಚಿತ್ರಕಾರನ ದುಂಡುಮುಖದ ಚಿತ್ರಗಳಿವೆ. ನನ್ನ ಇಂಗ್ಲಿಷು ಎತ್ತಿನ ಗಾಡಿಯ ವೇಗದ್ದು. ಕೋಶವನ್ನು ಪಕ್ಕದಲ್ಲಿಟ್ಟುಕೊಂಡು ಮೂರು ತಿಂಗಳು ಓದಿದೆನು. ಎರಡು ಭಾಷೆಗಳ ಗೋಡೆಯಾಚೆಯಿಂದ ಬಂದ ಹಾಸ್ಯವು ಹೇಗೆ ತಾನೆ ರುಚಿಸೀತು ಎಂದು ಕೇಳುವವರುಂಟು. ಇದಕ್ಕೆ ನಮ್ಮ ಆಲಂಕಾರಿಕರು ಒಂದು ಪರೀಕ್ಷೆಯನ್ನು ಹೇಳಿದ್ದಾರೆ. ಒಂದು ಶಬ್ದವನ್ನು ತೆಗೆದು ಅದೇ ಅರ್ಥದ ಬೇರೊಂದನ್ನು ಇಟ್ಟರೆ ಕೆಟ್ಟುಹೋಗುವುದು ಶಬ್ದಾಲಂಕಾರ. ಇಟ್ಟರೂ ಉಳಿಯುವುದು ಅರ್ಥಾಲಂಕಾರ. ಹಾಸ್ಯಕ್ಕೂ ಈ ಪರೀಕ್ಷೆ ಸಲ್ಲುತ್ತದೆ. ಅಪ್ಪಣೆಗಳೆಲ್ಲ ಜರ್ಮನ್ ಭಾಷೆಯಲ್ಲಿ, ಸಿಪಾಯಿಗಳ ಮಾತು ಚೆಕ್ಕಿನಲ್ಲಿಯೋ ಹಂಗೇರಿಯನ್ನಿನಲ್ಲಿಯೋ ಇದ್ದ ಆ ಸೈನ್ಯದ ಮಾತಿನ ಗೊಂದಲದ ಸವಿ ನನಗೆ ಪೂರ್ತಿ ಸಿಕ್ಕಲಿಲ್ಲ. ಆದರೆ ಮನುಷ್ಯಸ್ವಭಾವದಿಂದ ಹುಟ್ಟಿದ ನಗೆಯು ಹೊಳೆ ದಾಟಿದರೂ ನೆನೆಯದೆ ಬಂದಿತು.

ಕಥೆಯು ಹೀಗೆ ಮೊದಲಾಗುತ್ತದೆ. ಶ್ವೇಯ್ಕನು ಪ್ರಾಗ್ ನಗರದಲ್ಲಿ ಕಂತ್ರಿ ನಾಯಿಗಳಿಗೆ ಸುಳ್ಳು ವಂಶಾವಳಿ ಬರೆದು ಮಾರುವ ಒಬ್ಬ ಬಡವ. ಹಿಂದೊಮ್ಮೆ ಸೈನ್ಯದಲ್ಲಿದ್ದವನನ್ನು ವೈದ್ಯಮಂಡಲಿಯವರು ಮಂದಬುದ್ಧಿಯೆಂದು ನಿರ್ಣಯಿಸಿ ಬಿಟ್ಟುಬಿಟ್ಟಿದ್ದಾರೆ. ಆತನು ವಾತದ ಮೊಣಕಾಲಿಗೆ ಔಷಧ ತಿಕ್ಕಿಕೊಳ್ಳುತ್ತಿರುವಾಗ ಮನೆಗೆಲಸದಾಕೆಯು ಫರ್ಡಿನಾಂಡನನ್ನು ಕೊಂದುಬಿಟ್ಟರಂತೆ ಎಂಬ ಸುದ್ದಿ ತರುತ್ತಾಳೆ. ೧೯೧೪ರ ಜೂನ್ ೨೮ರಂದು ಸರಾಯೆವೊ ನಗರದಲ್ಲಿ ಯುವರಾಜನ ಕೊಲೆಯಾದ ಸುದ್ದಿಯದು. ಅದನ್ನು ಹಿಡಿದುಕೊಂಡು ಒಂದು ತಿಂಗಳಲ್ಲಿ ಯೂರೋಪೆಲ್ಲ ಹೊತ್ತಿಕೊಂಡಿತು. ಆದರೆ ಶ್ವೇಯ್ಕನು ಯಾವ ಫರ್ಡಿನಾಂಡ್ ಎಂದು ಕೇಳುತ್ತಾನೆ. ಆತನಿಗೆ ಗೊತ್ತಿರುವವರು ಇಬ್ಬರು: ಒಬ್ಬನು ಔಷಧದ ಅಂಗಡಿಯ ಆಳು, ತಪ್ಪಿ ಕೂದಲೆಣ್ಣೆ ಕುಡಿದವನು, ಇನ್ನೊಬ್ಬನು ಬೀದಿಯಲ್ಲಿ ನಾಯಿಯ ಹೇಲು ಆರಿಸುವವನು. ಇಬ್ಬರಲ್ಲಿ ಯಾರು ಹೋದರೂ ಲೋಕಕ್ಕೆ ನಷ್ಟವಿಲ್ಲವೆಂಬುದು ಅವನ ಅಭಿಪ್ರಾಯ.

ಅಂದು ಸಂಜೆ ಶ್ವೇಯ್ಕನು ಪಾನಗೃಹಕ್ಕೆ ಹೋಗುತ್ತಾನೆ. ಅಲ್ಲಿ ಗುಪ್ತ ಪೋಲೀಸಿನವನೊಬ್ಬನು ರಾಜದ್ರೋಹದ ಮಾತಿಗಾಗಿ ಹೊಂಚುತ್ತಿದ್ದಾನೆ. ಗೋಡೆಯ ಮೇಲಿದ್ದ ಚಕ್ರವರ್ತಿಯ ಪಟ ಎಲ್ಲಿ ಎಂದು ಅವನು ಕೇಳಲು, ನೊಣಗಳು ಅದರ ಮೇಲೆ ಹೊಲಸು ಮಾಡುತ್ತಿದ್ದವು, ಆದ್ದರಿಂದ ಅಟ್ಟದ ಮೇಲಿಟ್ಟೆನು ಎಂದು ಮಾಲೀಕನಾದ ಪಾಲಿವೆಟ್ಸನು ಹೇಳುತ್ತಾನೆ. ಅಷ್ಟಕ್ಕೆ ಅವನಿಗೆ ಹತ್ತು ವರ್ಷ ಸೆರೆ. ಶ್ವೇಯ್ಕನನ್ನೂ ಹಿಡಿದೊಯ್ಯುತ್ತಾರೆ. ಸೆರೆಯ ಕೋಣೆಯಲ್ಲಿರುವವರೆಲ್ಲರೂ ಅದೇ ಕೊಲೆಯ ಸಂಬಂಧದಲ್ಲಿ ಏನೇನೋ ಕಾರಣಕ್ಕೆ ಸಿಕ್ಕಿಬಿದ್ದ ಸಾಧು ಜನ. ಒಬ್ಬನು ಮಾತ್ರ ದೂರ ಕುಳಿತು, ನಿಮ್ಮ ಸಹವಾಸ ನನಗೆ ಬೇಡ, ನನ್ನ ಮೇಲೂ ಸಂಶಯ ಬಂದೀತು ಎನ್ನುತ್ತಾನೆ. ಅವನು ಬಂದಿರುವುದು ಬರಿಯ ದರೋಡೆ ಮತ್ತು ಕೊಲೆಯ ಪ್ರಯತ್ನಕ್ಕಾಗಿ! ನನ್ನ ಗೃಹಿಣಿ ಕೇಳಿದ ನಗೆಯು ಈ ಪುಟದ್ದು.

ಮುಂದೆ ಯುದ್ಧಕ್ಕೆ ಕರೆ ಬಂದಾಗ ಶ್ವೇಯ್ಕನು ಮೊಣಕಾಲು ಬಾರದಿದ್ದರೂ ತಳ್ಳುಕುರ್ಚಿಯಲ್ಲಿ ಕುಳಿತು, ಊರುಗೋಲು ಬೀಸುತ್ತ, ಬೆಲ್‌ಗ್ರೇಡಿಗೆ ನಡೆಯಿರಿ ಎಂದು ಕೂಗುತ್ತ ಬೀದಿಯಲ್ಲಿ ಹೋಗುತ್ತಾನೆ. ಸೈನ್ಯದ ಪಾದ್ರಿಯೊಬ್ಬನು ಆತನನ್ನು ಇಸ್ಪೀಟಿನ ಆಟದಲ್ಲಿ ಪಣವಿಟ್ಟು ಲೆಫ್ಟಿನೆಂಟ್ ಲುಕಾಷ್ ಎಂಬುವನಿಗೆ ಸೋಲುತ್ತಾನೆ. ರೈಲಿನಲ್ಲಿ ಅಪಾಯದ ಸರಪಳಿಯ ಪ್ರಕರಣದಿಂದ ದಳವನ್ನು ತಪ್ಪಿಸಿಕೊಂಡು, ಕಾಲ್ನಡಿಗೆಯಲ್ಲಿ ಅದನ್ನು ಸೇರಲು ಹೊರಟು, ಸುತ್ತಿಸುತ್ತಿ ನಡೆದು, ರಷ್ಯನರ ಗೂಢಚಾರನೆಂದು ಸಿಕ್ಕಿಬೀಳುತ್ತಾನೆ. ಹೀಗೆ ಏಳುನೂರು ಪುಟ ಕಳೆದರೂ ಆತನು ಯುದ್ಧರಂಗವನ್ನು ಮುಟ್ಟುವುದೇ ಇಲ್ಲ. ಕಡೆಗೆ ಕೆರೆಯ ದಡದಲ್ಲಿ ಯಾರೋ ಬಿಟ್ಟುಹೋದ ರಷ್ಯನ್ ಸಿಪಾಯಿಯ ಉಡುಪನ್ನು ಕುತೂಹಲದಿಂದ ತೊಟ್ಟುಕೊಂಡು ತನ್ನ ಪಕ್ಷದವರ ಕೈಗೇ ಸೆರೆಯಾಗುತ್ತಾನೆ.

ಈಗ ಪೂರ್ವಪಕ್ಷ. ಆ ಯುದ್ಧದಲ್ಲಿ ಆಸ್ಟ್ರಿಯಾ-ಹಂಗರಿಯ ಪಕ್ಷದಲ್ಲಿಯೇ ಸತ್ತ ಸಿಪಾಯಿಗಳು ಹತ್ತು ಲಕ್ಷಕ್ಕೂ ಹೆಚ್ಚು. ಅವರಲ್ಲಿ ಒಬ್ಬೊಬ್ಬನಿಗೂ ತಾಯಿಯೋ ತಂಗಿಯೋ ಇದ್ದಿರಬೇಕು. ಅಂಥ ಸ್ಥಳದಲ್ಲಿ ಉಚಿತವಾದುದು ಕರುಣ, ಇಲ್ಲವೆ ವೀರ. ಹಾಸ್ಯವನ್ನು ತಂದರೆ ಸತ್ತವರಿಗೆ ಎರಡನೆಯ ಸಲ ಸಾವು. ಇದೇ ನನ್ನ ಮನೆಯಾಕೆಯ ಪ್ರಶ್ನೆಯ ಸಾರ.

ಇದಕ್ಕೆ ಸಮಾಧಾನವನ್ನು ಹುಡುಕುವಾಗ ನಮ್ಮಲ್ಲಿಯೇ ಇರುವ ಯುದ್ಧಹಾಸ್ಯದ ಉದಾಹರಣೆಯನ್ನು ತೆಗೆದುಕೊಂಡೆನು. ವಿರಾಟಪರ್ವದ ಉತ್ತರಕುಮಾರನನ್ನು ಅರಿಯದ ಕನ್ನಡಿಗರಿಲ್ಲ. ಹೆಂಗಸರ ನಡುವೆ ಪೌರುಷ ಕೊಚ್ಚಿಕೊಂಡು, ಕೌರವಸೇನೆಯನ್ನು ಕಂಡೊಡನೆ ರಥದಿಂದ ಧುಮುಕಿ ಓಡಿದವನು. ಕುಮಾರವ್ಯಾಸನ ಕೈಯಲ್ಲಿ ಈ ಪ್ರಸಂಗವು ಮನೆಮನೆಯ ನಗೆಯಾಯಿತು. ಅದನ್ನು ಕೇಳಿ ನಕ್ಕವರು ಪಾಪ ಮಾಡಿದರೆಂದು ಯಾರೂ ಹೇಳಲಿಲ್ಲ. ಆದರೆ ಅಲ್ಲಿ ನಾವು ನಗುವುದು ಯಾರ ಪಕ್ಷದಲ್ಲಿ ನಿಂತು? ಯುದ್ಧದ ಪಕ್ಷದಲ್ಲಿ. ಸಾಯಲು ಹೆದರಿದ ಹುಡುಗನನ್ನು, ಮನೆಯಲ್ಲಿ ಬೆಚ್ಚಗೆ ಕುಳಿತ ನಾವು ನಗುತ್ತೇವೆ. ಹಾಷೆಕನು ಈ ತಕ್ಕಡಿಯನ್ನು ತಿರುಗಿಸಿಬಿಟ್ಟಿದ್ದಾನೆ. ಆತನ ಪುಸ್ತಕದಲ್ಲಿ ಹೆದರಿದ ಸಿಪಾಯಿ ನಗೆಪಾಟಲಲ್ಲ, ಹಸಿದ ಸಿಪಾಯಿಯೂ ಅಲ್ಲ. ಬಲೌನ್ ಎಂಬ ಹೊಟ್ಟೆಬಾಕನಾದ ಗಿರಣಿಯವನನ್ನು ಕಂಡು ನಗುವಾಗಲೂ ಅವನ ತಟ್ಟೆಗೆ ಒಂದು ತುತ್ತು ಹಾಕೋಣವೆನಿಸುತ್ತದೆಯೇ ಹೊರತು ತಿರಸ್ಕಾರ ಹುಟ್ಟುವುದಿಲ್ಲ. ನಗೆಗೆ ಗುರಿಯಾಗುವವರು ಬೇರೆ: ರೋಗಿಗಳೆಲ್ಲರೂ ಕಪಟಿಗಳೆಂದು ನಿಶ್ಚಯಿಸಿ ಎನಿಮಾ ಕೊಟ್ಟು, ಹೊಟ್ಟೆ ತೊಳೆದು, ಉಪವಾಸ ಕೆಡವಿ ಯುದ್ಧಕ್ಕೆ ಅಟ್ಟುವ ವೈದ್ಯ, ಕುಡಿದು ಪೂಜೆ ಮಾಡುವ ಪಾದ್ರಿ, ಕಾಗದದ ಮೇಲೆ ಜಯವನ್ನು ಬರೆಯುವ ಅಧಿಕಾರಿ.

ಇವರಲ್ಲಿ ಕಡೆಯ ಬಗೆಗೆ ಒಂದು ಉದಾಹರಣೆ. ಮಾರೆಕ್ ಎಂಬ ಓದಿದ ಸಿಪಾಯಿಯೊಬ್ಬನನ್ನು ದಳದ ಇತಿಹಾಸಕಾರನನ್ನಾಗಿ ನೇಮಿಸುತ್ತಾರೆ. ಅವನು ಯುದ್ಧ ನಡೆಯುವ ಮೊದಲೇ ಯಾರು ಯಾರು ಯಾವ ಯಾವ ರೀತಿಯಲ್ಲಿ ವೀರಮರಣವನ್ನು ಹೊಂದುವರೆಂಬುದನ್ನು ಬರೆದಿಡುತ್ತ, ಎದುರಿಗೆ ಕುಳಿತ ಜೊತೆಗಾರರಿಗೆ ಅವರವರ ಮರಣವನ್ನು ಓದಿ ಹೇಳುತ್ತಾನೆ. ಇದನ್ನು ಓದಿ ನಕ್ಕೆನು. ನಕ್ಕು ಮುಗಿಯುವುದರೊಳಗೆ ಗಂಟಲು ಕಟ್ಟಿತು. ಏಕೆಂದರೆ ಸತ್ತವನ ಸಾವನ್ನು ಅವನಿಂದ ಕಿತ್ತುಕೊಂಡು, ಬದುಕಿರುವವರಿಗೆ ಬೇಕಾದ ಅಲಂಕಾರವನ್ನು ಅದಕ್ಕೆ ತೊಡಿಸುವ ಕೆಲಸವನ್ನು ಲೋಕವೆಲ್ಲ ಮಾಡುತ್ತದೆ. ಹಾಷೆಕನು ನಗುವುದು ಸಾವನ್ನಲ್ಲ, ಆ ಅಲಂಕಾರವನ್ನು. ನಿಜವಾಗಿ ನೋವಿರುವ ಕಡೆ ಆತನ ನಗೆ ನಿಂತುಬಿಡುತ್ತದೆ. ಮೂರನೆಯ ಸಂಪುಟದಲ್ಲಿ ರೈಲು ನಿಲ್ದಾಣವೊಂದರಲ್ಲಿ ಗಡಿನಾಡಿನ ರುಥೇನಿಯನ್ ರೈತರನ್ನೂ ಗುರುಗಳನ್ನೂ ಉಪಾಧ್ಯಾಯರನ್ನೂ ಹಗ್ಗದಿಂದ ಕಟ್ಟಿ ಬಡಿದು ತಂದಿರುವುದನ್ನು ವರ್ಣಿಸುವಾಗ ಒಂದು ಹಾಸ್ಯದ ಮಾತೂ ಅವರ ಮೇಲೆ ಬೀಳುವುದಿಲ್ಲ. ಅಭಿನವಗುಪ್ತನು, ಅನೌಚಿತ್ಯದಿಂದ ಪ್ರವೃತ್ತವಾದ ಯಾವ ರಸವಾದರೂ ಹಾಸ್ಯಕ್ಕೆ ಕಾರಣವಾಗಬಹುದೆಂದು ಹೇಳಿದ್ದಾನೆ. ಆದುದರಿಂದ ವೀರವೆಂಬ ಹೆಸರಿನಲ್ಲಿ ವೀರವಲ್ಲದುದು ಮೆರೆಯುವಾಗ, ಅದನ್ನು ನೋಡಿ ನಗುವುದು ಅಸ್ಥಾನದ ನಗೆಯಲ್ಲ; ಅದೇ ಅದರ ಸ್ಥಾನ. ದೇಶವನ್ನು ಕಾಯಲು ನಿಂತವನ ಕರ್ತವ್ಯವು ಇದರಿಂದ ಹೀನವಾಗುವುದಿಲ್ಲ. ನಿಜವಾದ ನಾಣ್ಯವನ್ನು ಬಲ್ಲವನು ಸುಳ್ಳು ನಾಣ್ಯದ ಸದ್ದಿಗೆ ನಕ್ಕರೆ ನಾಣ್ಯಕ್ಕೆ ಅವಮಾನವೆಲ್ಲಿ?

ಎರಡನೆಯ ಆಕ್ಷೇಪವು ಇನ್ನೂ ಬಲವಾದುದು. ಚೆಕ್ ದೇಶದಲ್ಲಿಯೇ ಹಲವರು ಇದನ್ನು ಎತ್ತಿದ್ದಾರೆ. ಶ್ವೇಯ್ಕನು ಯಾವ ಆದರ್ಶವೂ ಇಲ್ಲದವನು, ಮಾತನ್ನು ತಿರುಚಿ ತಪ್ಪಿಸಿಕೊಳ್ಳುವವನು. ಇಂಥವನನ್ನು ಮೆಚ್ಚುವ ಜನಾಂಗವು ಏಳಿಗೆ ಹೊಂದೀತೇ ಎಂಬುದು ಅವರ ವಾದ. ನಮ್ಮ ನ್ಯಾಯಶಾಸ್ತ್ರದಲ್ಲಿ ಛಲವೆಂಬ ಒಂದು ದೋಷವುಂಟು. ಒಬ್ಬನು ‘ನವಕಂಬಲ’ ಎಂದು ಹೊಸ ಕಂಬಳಿಯ ವಿಷಯ ಹೇಳಿದರೆ, ಎದುರಾಳಿಯು ನವವೆಂದರೆ ಒಂಬತ್ತೆಂದು ಹಿಡಿದು, ನಿನ್ನಲ್ಲಿ ಒಂಬತ್ತು ಕಂಬಳಿ ಎಲ್ಲಿವೆ ಎಂದು ಕೇಳುವುದು ವಾಕ್ಛಲ. ಶ್ವೇಯ್ಕನು ಮಾಡುವುದೂ ಇಂಥದೇ ಎಂದು ತೋರಬಹುದು. ಒಮ್ಮೆ ಅಧಿಕಾರಿಗಳು ಗುಪ್ತಲಿಪಿಗಾಗಿ ಎರಡು ಭಾಗದ ಒಂದು ಕಾದಂಬರಿಯನ್ನು ಗೊತ್ತುಮಾಡುತ್ತಾರೆ. ಲಿಪಿಯ ಗುಟ್ಟೆಲ್ಲ ಎರಡನೆಯ ಭಾಗದಲ್ಲಿದೆ. ಹಂಚುವ ಕೆಲಸವು ಶ್ವೇಯ್ಕನ ಪಾಲಿಗೆ ಬರಲು, ಕಥೆಯನ್ನು ಯಾರಾದರೂ ಮೊದಲ ಭಾಗದಿಂದಲೇ ಅಲ್ಲವೆ ಓದುವುದು ಎಂದು ಯೋಚಿಸಿ ಎಲ್ಲರಿಗೂ ಮೊದಲ ಭಾಗವನ್ನು ಕೊಟ್ಟುಬಿಡುತ್ತಾನೆ. ಗುಪ್ತಲಿಪಿಯು ಅದನ್ನು ಮಾಡಿದವರಿಗೂ ಗುಪ್ತವಾಗಿ ಹೋಗುತ್ತದೆ.

ಇದು ಕಪಟವೋ, ಮುಗ್ಧತೆಯೋ? ಪುಸ್ತಕವನ್ನು ಮುಗಿಸಿದರೂ ನಿರ್ಣಯವಾಗುವುದಿಲ್ಲ. ಆದರೆ ಒಂದು ಭೇದವನ್ನು ಗಮನಿಸಬೇಕು. ಛಲವನ್ನು ಮಾಡುವವನು ವಾದದಲ್ಲಿ ಗೆಲ್ಲಲು ಮಾಡುತ್ತಾನೆ. ಶ್ವೇಯ್ಕನು ಏನನ್ನು ಗೆದ್ದನು? ಸೆರೆ, ಹುಚ್ಚಾಸ್ಪತ್ರೆ, ಎನಿಮಾ, ಬೈಗುಳ. ಆತನು ಅಪ್ಪಣೆಯನ್ನು ಮೀರುವುದಿಲ್ಲ. ಮೇಲಿನವರು ಹೇಳಿದ ಮಾತನ್ನು ಹೇಳಿದ ಹಾಗೆಯೇ ನಂಬಿ ನಡೆಸುತ್ತಾನೆ. ಸುಳ್ಳು ಮಾತನ್ನು ಅಕ್ಷರಶಃ ನಂಬಿ ನಡೆಸುವವನೊಬ್ಬನು ಸಿಕ್ಕಿದರೆ ಆ ಮಾತಿನ ಬಂಡವಾಳ ಬಯಲಾಗುತ್ತದೆ. ಆತನು ನಮಗೆ ಮಾದರಿಯಲ್ಲ, ಕನ್ನಡಿ. ಕನ್ನಡಿಯಂತೆ ಬದುಕೆಂದು ಯಾರೂ ಯಾರಿಗೂ ಉಪದೇಶಿಸುವುದಿಲ್ಲ. ಅದರಲ್ಲಿ ಮುಖ ನೋಡಿಕೊಳ್ಳಬೇಕು, ಅಷ್ಟೆ.

ಹಾಗೆ ನೋಡಿಕೊಂಡಾಗ ನನಗೆ ಕಂಡ ಮುಖವನ್ನು ಇಲ್ಲಿ ಮುಚ್ಚಿಡುವುದು ಸರಿಯಲ್ಲ. ಪುಸ್ತಕದ ಉತ್ತರಭಾಗದಲ್ಲಿ ಲೆಫ್ಟಿನೆಂಟ್ ಡುಬ್ ಎಂಬುವನು ಬರುತ್ತಾನೆ. ಎಲ್ಲರ ನಗೆಗೂ ಈಡಾದವನು. ಯುದ್ಧಕ್ಕೆ ಮೊದಲು ಅವನು ಶಾಲೆಯ ಉಪಾಧ್ಯಾಯ; ಕಲಿಸುತ್ತಿದ್ದುದು ಮಾತೃಭಾಷೆ. ರಾಜವಂಶದ ಮಹಿಮೆಯನ್ನು ಹೇಳಿ ಮಕ್ಕಳನ್ನು ಬೆದರಿಸುತ್ತಿದ್ದವನು. ಸಿಪಾಯಿಗಳಿಗೆ ಸಂದರ್ಭ ಸಿಕ್ಕಿದಾಗಲೆಲ್ಲ, ನನ್ನ ಒಳ್ಳೆಯ ಮುಖವನ್ನು ಮಾತ್ರ ಕಂಡಿರುವಿರಿ, ಕೆಟ್ಟ ಮುಖವನ್ನು ಮುಂದೆ ಕಾಣುವಿರಿ ಎಂಬ ಅರ್ಥದ ಒಂದೇ ಬೆದರಿಕೆಯನ್ನು ಹಾಕುತ್ತಾನೆ. ಮೊದಲ ಸಲ ನಕ್ಕೆನು. ಎರಡನೆಯ ಸಲವೂ ನಕ್ಕೆನು. ಮೂರನೆಯ ಸಲ ಪುಸ್ತಕವನ್ನು ಕೆಳಗಿಟ್ಟೆನು.

ಸುಮಾರು ಮೂವತ್ತು ವರ್ಷಗಳ ಹಿಂದಿನ ಮಾತು. ಒಂಬತ್ತನೆಯ ತರಗತಿಯಲ್ಲಿ ವೀರರಸವನ್ನು ವಿವರಿಸುತ್ತ, ಇದೇ ಮಹಾಯುದ್ಧದಲ್ಲಿ ೧೯೧೮ರ ಸೆಪ್ಟೆಂಬರ್ ೨೩ರಂದು ಮೈಸೂರಿನ ಮತ್ತು ಜೋಧಪುರದ ಅಶ್ವದಳಗಳು ಪ್ಯಾಲೆಸ್ಟೈನಿನ ಹೈಫಾ ಪಟ್ಟಣದ ಮೇಲೆ ನುಗ್ಗಿದ ಪ್ರಸಂಗವನ್ನು ಹೇಳುತ್ತಿದ್ದೆನು. ಬಂದೂಕು ಫಿರಂಗಿಗಳ ಎದುರಿಗೆ ಭರ್ಜಿ ಹಿಡಿದು ಕುದುರೆಗಳ ಮೇಲೆ ಹೋದುದನ್ನು ಸಾಕಷ್ಟು ಉದ್ದೀಪನ ವಿಭಾವಗಳೊಡನೆ ವರ್ಣಿಸಿ, ತರಗತಿಯೆಲ್ಲ ನಿಶ್ಶಬ್ದವಾಗಿರುವಾಗ, ಹಿಂದಿನ ಸಾಲಿನ ಒಬ್ಬ ಹುಡುಗನು ಎದ್ದು ನಿಂತು, “ಸಾರ್, ಕುದುರೆಗಳಿಗೆ ಯುದ್ಧ ಯಾರ ಮೇಲೆ ಅಂತ ಗೊತ್ತಿತ್ತಾ ಸಾರ್?” ಎಂದು ಕೇಳಿದನು. ತರಗತಿಯೆಲ್ಲ ನಕ್ಕಿತು. ನನ್ನ ವೀರರಸವು ಚೂರುಚೂರಾಯಿತು. “ನಾನು ಎಂಥವನು ಅಂತ ನಿನಗಿನ್ನೂ ಗೊತ್ತಿಲ್ಲ ಕಣೋ” ಎಂದು ಗದರಿಸಿ, ಗಂಟೆ ಹೊಡೆಯುವವರೆಗೂ ಅವನನ್ನು ಹೊರಗೆ ನಿಲ್ಲಿಸಿದೆನು. ಅವನು ಅಪಹಾಸ್ಯಕ್ಕಾಗಿ ಕೇಳಿದನೋ, ನಿಜವಾಗಿ ತಿಳಿಯಬೇಕೆಂದು ಕೇಳಿದನೋ ಎಂಬುದನ್ನು ವಿಚಾರಿಸಲಿಲ್ಲ. ಈಗ ಯೋಚಿಸಿದರೆ, ಆ ಪಾಠದಲ್ಲಿ ಕೇಳತಕ್ಕ ಪ್ರಶ್ನೆ ಅದೊಂದೇ ಇದ್ದಿತು. ಹೈಫಾದಲ್ಲಿ ಸತ್ತವರ ಶೌರ್ಯಕ್ಕೆ ಆ ಪ್ರಶ್ನೆಯಿಂದ ಕೂದಲೆಳೆಯಷ್ಟೂ ಕುಂದಾಗಲಿಲ್ಲ. ಕುಂದಾದುದು ನನ್ನ ವ್ಯಾಖ್ಯಾನಕ್ಕೆ. ನಾನು ಕಾಪಾಡಿದುದು ಅವರ ಮಾನವನ್ನಲ್ಲ, ನನ್ನ ಮಾನವನ್ನು. ಆಮೇಲೆ ಆ ಹುಡುಗನು ನನ್ನ ತರಗತಿಯಲ್ಲಿ ಮತ್ತೊಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅದನ್ನು ಆಗ ಶಿಸ್ತೆಂದು ತಿಳಿದು ಸಂತೋಷಪಟ್ಟೆನು.

ಆದುದರಿಂದ ನನ್ನ ಸಿದ್ಧಾಂತಕ್ಕೆ ಒಂದು ನಿಬಂಧನೆಯನ್ನು ಸೇರಿಸಬೇಕಾಯಿತು. ಸುಳ್ಳು ವೀರವನ್ನು ನೋಡಿ ನಗುವುದು ಧರ್ಮವೇ ಸರಿ. ಆದರೆ ನಗುವವನು ತನ್ನನ್ನು ಹೊರಗಿಟ್ಟುಕೊಂಡು ನಕ್ಕರೆ ಅದೂ ಒಂದು ಬಗೆಯ ಅಹಂಕಾರವಾಗುತ್ತದೆ. ನಗೆಯ ಪಂಕ್ತಿಯಲ್ಲಿ ತನಗೂ ಒಂದು ಎಲೆ ಹಾಕಿಸಿಕೊಳ್ಳದವನಿಗೆ ಅಲ್ಲಿ ಕೂರುವ ಅಧಿಕಾರವಿಲ್ಲ. ಹಾಷೆಕನಲ್ಲಿ ಈ ಗುಣವುಂಟು. ತಾನು ನಡೆದ ದಾರಿಯಲ್ಲಿಯೇ, ತಾನು ಸೇವೆ ಮಾಡಿದ ದಳದಲ್ಲಿಯೇ ಶ್ವೇಯ್ಕನನ್ನು ನಡೆಯಿಸಿದ್ದಾನೆ. ದೂರದ ಮಾಳಿಗೆಯ ಮೇಲೆ ನಿಂತು ನಗಲಿಲ್ಲ.

ಇಷ್ಟನ್ನು ತೀರ್ಮಾನಿಸಿದ ಮೇಲೂ ಮನೆಯೊಳಗಿನ ಪ್ರಶ್ನೆ ಉಳಿದೇ ಇದ್ದಿತು. ಶಾಸ್ತ್ರದ ಸಮಾಧಾನವು ಪಟದ ಮುಂದೆ ಸಾಕಾಗದು. ಒಂದು ಮಧ್ಯಾಹ್ನ ಧೈರ್ಯಮಾಡಿ ಗೃಹಿಣಿಯನ್ನು ಕೂರಿಸಿಕೊಂಡು, ಮಾರೆಕನು ಮುಂಗಡವಾಗಿ ವೀರಮರಣಗಳನ್ನು ಬರೆಯುವ ಪ್ರಸಂಗವನ್ನು ಕನ್ನಡದಲ್ಲಿ ಹೇಳಿದೆನು. ಆಕೆ ನಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಹೇಳಿದಳು: “ಅಣ್ಣ ಹೋದಾಗ ಊರಲ್ಲಿ ಸಭೆ ಮಾಡಿದ್ರು. ಒಬ್ಬರು, ಅವನು ಪ್ರಾಣ ಬಿಟ್ಟಿದ್ದನ್ನ ಪಕ್ಕದಲ್ಲೇ ನಿಂತು ನೋಡಿದ ಹಾಗೆ ಹೇಳಿದ್ರು. ಎಲ್ಲರೂ ಚಪ್ಪಾಳೆ ತಟ್ಟಿದ್ರು. ಮನೆಗೆ ಬಂದ ಮೇಲೆ ಅಮ್ಮ ಅಂದಿದ್ದು ಒಂದೇ ಮಾತು: ಆವತ್ತು ಅವನಿಗೆ ಊಟ ಆಗಿತ್ತೋ ಇಲ್ಲವೋ ಅಂತ.”

ಆಮೇಲೆ ಎದ್ದು ಹೋಗಿ ಪೆಟ್ಟಿಗೆಯಿಂದ ಒಂದು ಹಳೆಯ ಕಾಗದವನ್ನು ತಂದಳು. ಆತನು ಬರೆದ ಕಡೆಯ ಕಾಗದ. ಮದುವೆಯಾಗಿ ಇಷ್ಟು ವರ್ಷವಾದರೂ ಅದನ್ನು ನನಗೆ ಓದಲು ಕೊಟ್ಟಿರಲಿಲ್ಲ. ಅದರಲ್ಲಿ ದೇಶವೆಂಬ ಮಾತಿಲ್ಲ, ಶೌರ್ಯವೆಂಬ ಮಾತಿಲ್ಲ, ಶತ್ರುವೆಂಬ ಮಾತೂ ಇಲ್ಲ. ಗೌರಿ ಹಸು ಕರು ಹಾಕಿತೇ ಎಂದು ಕೇಳಿದ್ದಾನೆ. ಪುಟ್ಟಿ ಹದಿಮೂರರ ಮಗ್ಗಿಯನ್ನು ತಪ್ಪಿಲ್ಲದೆ ಹೇಳಿದರೆ ಟೇಪು ತರುವೆನೆಂದು ಬರೆದಿದ್ದಾನೆ. ಕಡೆಯಲ್ಲಿ, ಇಲ್ಲಿಯ ಸಾರಿನಲ್ಲಿ ಬೇಳೆ ಎಲ್ಲಿದೆಯೆಂದು ಹುಡುಕಲು ನಾಲ್ಕು ಜನರ ಗಸ್ತು ಕಳಿಸಿದೆವು, ಹೋದವರು ಇನ್ನೂ ಹಿಂದಿರುಗಿಲ್ಲ ಎಂದು ಬರೆದಿದ್ದಾನೆ.

ನಾನು ನಕ್ಕುಬಿಟ್ಟೆನು. ಕೂಡಲೆ ನಾಲಗೆ ಕಚ್ಚಿಕೊಂಡು ಆಕೆಯ ಮುಖವನ್ನು ನೋಡಿದೆನು. ಆಕೆಯೂ ನಗುತ್ತಿದ್ದಳು. “ಐವತ್ತು ವರ್ಷದಿಂದ ಓದ್ತಿದೀನಿ, ಬರೀ ಅತ್ತಿದ್ದೇ ಆಯ್ತು. ಅವನು ನಗಲಿ ಅಂತ ಬರೆದಿದ್ದ ಅಲ್ಲವೇ” ಎಂದಳು. ಆಗ ನನಗೆ ತೋರಿದುದಿಷ್ಟು. ಯು�ದ್ಧದಲ್ಲಿ ಮೊದಲು ನಗುವವನು ಅಲ್ಲಿಗೆ ಹೋದವನೇ. ಆ ನಗೆಯು ಆತನ ಆಸ್ತಿ. ಅದನ್ನು ಬೇಡವೆನ್ನುವವರು ಹೋಗದೆ ಉಳಿದ ನಮ್ಮಂಥವರು. ಸತ್ತವನಿಂದ ಅವನ ನಗೆಯನ್ನು ಕಿತ್ತುಕೊಂಡು ಪಟದ ಗಾಂಭೀರ್ಯವನ್ನು ಮಾತ್ರ ಉಳಿಸುವುದೇ, ಪೂರ್ವಪಕ್ಷದವರು ಹೇಳಿದ ಆ ಎರಡನೆಯ ಸಾವು.

ಮರುದಿನದಿಂದ ಸಂಜೆಯ ಹೊತ್ತು ನಾನು ಒಂದೆರಡು ಪುಟಗಳನ್ನು ಕನ್ನಡದಲ್ಲಿ ಹೇಳುತ್ತಿದ್ದೇನೆ. ಆಕೆ ಬತ್ತಿ ಹೊಸೆಯುತ್ತ ಕೇಳುತ್ತಾಳೆ. ಬಲೌನನಿಗೆ ಊಟ ಸಿಕ್ಕಿತೇ ಎಂಬುದೇ ಆಕೆಯ ಮುಖ್ಯ ಪ್ರಶ್ನೆ. ಕೆಲವು ಕಡೆ ಇಬ್ಬರಿಗೂ ಕಣ್ಣಿನಲ್ಲಿ ನೀರು ಬರುವಂತೆ ನಗು ಬರುತ್ತದೆ. ಭರತಮುನಿಯ ಲೆಕ್ಕದಲ್ಲಿ ನಾವು ಅಧಮರಾದರೆ ಆಗಲಿ. ಸ್ಥಾನವಾವುದು, ಅಸ್ಥಾನವಾವುದು ಎಂಬುದನ್ನು ವಾಚಕರು ತಮ್ಮ ತಮ್ಮ ಮನೆಯ ಪಟಗಳ ಮುಂದೆ ನಿಂತು ವಿಚಾರಿಸಬೇಕೆಂದು ಬೇಡುತ್ತೇನೆ.